ಮೇರಿ ಜೇನ್ ವೆಲೋಸೊ ಕುರಿತು ಒಂದು ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಮಾದಕ ವಸ್ತು ಸಾಗಣೆ ಪ್ರಕರಣದಲ್ಲಿ ಇಂಡೋನೇಷ್ಯಾದಲ್ಲಿ ಮರಣದಂಡನೆಗೆ ಗುರಿಯಾದ ಮೇರಿ ಜೇನ್ ವೆಲೋಸೊ ಅವರನ್ನು ಗಲ್ಲಿಗೇರಿಸಲಾಗಿದೆ ಎಂಬ ಸಂದೇಶ ನಿನ್ನೆ ಇಲ್ಲಿ ಬಂದಿತ್ತು. ಅದು ಸುಳ್ಳು, ಅವರು ಬದುಕಿದ್ದಾರೆ; ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಅಲ್ಲದೆ, ಇಂಡೋನೇಷ್ಯಾದಲ್ಲಿ ಮರಣದಂಡನೆ ಜಾರಿ ಮಾಡುವುದು ಗುಂಡು ಹೊಡೆದು, ಗಲ್ಲಿಗೇರಿಸಿ ಅಲ್ಲ.

ಫಿಲಿಪ್ಪೀನ್ಸ್‌ನ ಈ ಬಡ ತಾಯಿ ಮನೆಗೆಲಸ ಸಿಗುವುದೆಂದು ನಂಬಿ ಹೊರಟವರು. 2010ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತ ವಿಮಾನ ನಿಲ್ದಾಣದಲ್ಲಿ ಅವರ ಸೂಟ್‌ಕೇಸ್‌ನೊಳಗೆ 2.6 ಕಿಲೋ ಹೆರಾಯಿನ್ ಸಿಕ್ಕಿತು. ಅದು ಇದ್ದದ್ದೇ ತನಗೆ ಗೊತ್ತಿರಲಿಲ್ಲ ಎಂದು ಅವರು ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಅವರ ಮಾತೃಭಾಷೆ ಟಾಗಲಾಗ್. ವಿಚಾರಣೆಯಲ್ಲಿ ದುಭಾಷಿ ಮಾತನಾಡಿದ್ದು ಇಂಗ್ಲಿಷ್‌ನಲ್ಲಿ. ಜೀವ ಉಳಿಯುವುದೋ ಹೋಗುವುದೋ ಎನ್ನುವ ಮೊಕದ್ದಮೆಯಲ್ಲಿ ಹೀಗಾದದ್ದು ನನಗೆ ಇಂದಿಗೂ ಸಹಿಸಲಾಗುವುದಿಲ್ಲ.

2015ರ ಏಪ್ರಿಲ್ 29ರ ನಡುರಾತ್ರಿ ಇಂಡೋನೇಷ್ಯಾದ ನುಸಕಂಬಂಗನ್ ದ್ವೀಪದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಎಂಟು ಮಂದಿಯನ್ನು ಕೊಂದರು. ಒಂಬತ್ತನೆಯವರಾಗಬೇಕಿದ್ದ ಇವರು ಕೊನೆಯ ಗಳಿಗೆಯಲ್ಲಿ ಉಳಿದರು. ಏಕೆಂದರೆ ಇವರನ್ನು ಕೆಲಸದ ಆಸೆ ತೋರಿಸಿ ಕರೆದೊಯ್ದಿದ್ದ ಮಹಿಳೆ ಹಿಂದಿನ ದಿನವಷ್ಟೇ ಫಿಲಿಪ್ಪೀನ್ಸ್ ಪೊಲೀಸರಿಗೆ ಶರಣಾಗಿದ್ದಳು. ಅಷ್ಟರಲ್ಲಿ ಮನಿಲಾದ ಪತ್ರಿಕೆಗಳು ಸಾವಿನ ಸುದ್ದಿಯನ್ನೇ ಅಚ್ಚು ಹಾಕಿದ್ದವು!

2024ರ ಡಿಸೆಂಬರ್ 18ರಂದು ಅವರನ್ನು ತಾಯ್ನಾಡಿಗೆ ಕಳುಹಿಸಲಾಯಿತು, ಆದರೆ ಕೈದಿಯಾಗಿಯೇ. ಅವರಿಗೆ ಕ್ಷಮಾದಾನ ಕೋರುವ ಪತ್ರದ ಕರಡನ್ನು ಇಂದು ರಾತ್ರಿ ಇಲ್ಲಿ ಹಾಕುತ್ತೇನೆ. ಓದಿ, ತಿದ್ದುಪಡಿಗಳಿದ್ದರೆ ಭಾನುವಾರದೊಳಗೆ ತಿಳಿಸಿ.