ಬಿ.ಎ. ಕಾಂಬಿನೇಷನ್ ಕೌಂಟರಿನ ಮುಂದೆ ನಿಂತು ಆರಿಸುವುದಲ್ಲ

ಮಾನ್ಯರೇ,

ಪಿಯುಸಿ ಮುಗಿಸಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಹಳ್ಳಿಗಳಿಂದ ಬಿ.ಎ.ಗೆ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಪಕ್ಕದವರು ಬರೆಸಿದ ಕಾಂಬಿನೇಷನ್ನೇ, ಅಂದರೆ ಐಚ್ಛಿಕ ವಿಷಯಗಳ ಗುಂಪನ್ನೇ, ತಾವೂ ಬರೆಸುತ್ತಾರೆ. ಅದರ ಪೆಟ್ಟು ಗೊತ್ತಾಗುವುದು ಮೂರು ವರ್ಷದ ನಂತರ, ಎಂ.ಎ. ಇಲ್ಲವೇ ಬಿ.ಇಡಿ. ಅರ್ಜಿ ತುಂಬುವಾಗ.

ಹೆಚ್ಚು ಎಡವುವುದು ಕನ್ನಡದಲ್ಲಿ. ಭಾಷಾ ಪತ್ರಿಕೆಯ ಕನ್ನಡವೇ ಬೇರೆ, ಮುಖ್ಯ ವಿಷಯವಾಗಿ ಆರಿಸಿಕೊಂಡು ಓದುವ ಐಚ್ಛಿಕ ಕನ್ನಡವೇ ಬೇರೆ. ಭಾಷಾ ಪತ್ರಿಕೆಯಲ್ಲಿ ಎಷ್ಟೇ ಅಂಕ ಬಂದರೂ ಅದು ಐಚ್ಛಿಕದ ಲೆಕ್ಕಕ್ಕೆ ಬರುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಆಸೆ ಇದ್ದವರು ಮೊದಲ ದಿನವೇ ಐಚ್ಛಿಕ ಕನ್ನಡ ಬರೆಸಬೇಕು. ಬಿ.ಇಡಿ.ಯ ಬೋಧನಾ ವಿಷಯಗಳೂ ಪದವಿಯ ಐಚ್ಛಿಕಗಳ ಮೇಲೆಯೇ ನಿಲ್ಲುತ್ತವೆ. ಕೆಎಎಸ್, ಐಎಎಸ್ ಕನಸಿನವರಿಗೆ ಈ ಕಟ್ಟು ಇಲ್ಲ, ಯಾವ ಪದವಿಯಾದರೂ ಸಾಕು. ‘ಕೆಎಎಸ್‌ಗೆ ಇತಿಹಾಸ ಇರಲೇಬೇಕು’ ಎಂಬ ಮಾತು ನಂಬಿ ಒಲ್ಲದ ವಿಷಯ ಕಟ್ಟಿಕೊಳ್ಳಬೇಡಿ.

ವಿಷಯ ತೂಗಿ ನೋಡಲು ಮೊದಲ ಸೆಮಿಸ್ಟರಿನ ಪಠ್ಯಕ್ರಮ ಸಾಲದು, ಅದು ಎಲ್ಲದರಲ್ಲೂ ಸಲೀಸಾಗಿಯೇ ಇರುತ್ತದೆ. ಐದು, ಆರನೇ ಸೆಮಿಸ್ಟರಿನ ಪಠ್ಯಕ್ರಮವನ್ನೂ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನೂ ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ. ಅರ್ಥಶಾಸ್ತ್ರದಲ್ಲಿ ಸರಾಸರಿ, ಸೂಚ್ಯಂಕ, ಸಹಸಂಬಂಧದ ಲೆಕ್ಕಗಳಿವೆ. ಹತ್ತನೇ ತರಗತಿಯ ಗಣಿತ ಗಟ್ಟಿ ಇದ್ದರೆ ಹೆದರಬೇಕಿಲ್ಲ, ಆದರೆ ದಿನವೂ ಕೈಯಲ್ಲಿ ಬಿಡಿಸಬೇಕು. ಭೂಗೋಳಕ್ಕೆ ಪ್ರಾಯೋಗಿಕ ತರಗತಿ ಇದೆ. 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ.; ಸಮೋನ್ನತ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ಒತ್ತಾಗಿದ್ದರೆ ಕಡಿದಾದ ಗುಡ್ಡ, ದೂರದೂರ ಇದ್ದರೆ ಇಳಿಜಾರು ಕಡಿಮೆ. ಇದನ್ನು ಪೆನ್ಸಿಲ್ ಹಿಡಿದು ಕೂತೇ ಕಲಿಯಬೇಕು, ತರಗತಿ ತಪ್ಪಿಸಿದವರಿಗೆ ಗೈಡು ಕೈಹಿಡಿಯುವುದಿಲ್ಲ.

ಇತಿಹಾಸವೆಂದರೆ ಇಸವಿ ಬಾಯಿಪಾಠ ಎಂದುಕೊಂಡವರು ಒಮ್ಮೆ ಕೊಪ್ಪಳದ ಗವಿಮಠದ ಗುಡ್ಡ ಹತ್ತಲಿ. ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಶಾಸನವಿದೆ, ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಆ ಅಕ್ಷರ ಏನು ಹೇಳುತ್ತದೆ, ಇಲ್ಲೇ ಏಕೆ ಕೊರೆಸಿದರು ಎಂದು ಕೇಳಬೇಕೆನ್ನಿಸಿದರೆ ಇತಿಹಾಸ ನಿಮ್ಮ ವಿಷಯ.

ಪಾಠ ಮಾಡುವವರು ಯಾರು ಎಂಬುದನ್ನೂ ವಿಚಾರಿಸಿ. ಅತಿಥಿ ಉಪನ್ಯಾಸಕರೇ ನಡೆಸುವ ವಿಭಾಗದಲ್ಲಿ ಅವರ ನೇಮಕ ತಡವಾದರೆ ಆರಂಭದ ವಾರಗಳ ಪಾಠ ಹಾಗೇ ಬಿದ್ದಿರುತ್ತದೆ, ಕೊನೆಗೆ ಅವಸರದಲ್ಲಿ ಮುಗಿಸುತ್ತಾರೆ. ತಪ್ಪು ಅವರದಲ್ಲ, ನಷ್ಟ ಮಾತ್ರ ಮಕ್ಕಳದು.

ಆದ್ದರಿಂದ ಜಿಲ್ಲೆಯ ಪ್ರಾಂಶುಪಾಲರಲ್ಲಿ ನಮ್ಮ ಮನವಿ: ಯಾವ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆ, ಯಾವುದಕ್ಕಿಲ್ಲ ಎಂಬುದನ್ನು ಅರ್ಜಿ ಕೊಡುವ ಮುನ್ನವೇ ಫಲಕದಲ್ಲಿ ಹಾಕಿ. ಮೊದಲ ಎರಡು ವಾರ ಯಾವ ತರಗತಿಯಲ್ಲಾದರೂ ಕೂತು ಕೇಳಲು, ಆಮೇಲೆ ಒಂದು ಸಲ ವಿಷಯ ಬದಲಿಸಲು ಮಕ್ಕಳಿಗೆ ಅವಕಾಶ ಕೊಡಿ.

– ಪದವಿ ಕಾಲೇಜು ಉಪನ್ಯಾಸಕರು, ಕೊಪ್ಪಳ