ಮೆಮೊರಿ ಕಾರ್ಡ್ ಇಲ್ಲದೆ ಚಾಲೂ ಆಗಲಿರುವ ತಮ್ಮ ಗಿರಣಿಯ ಯಂತ್ರಗಳ ಕುರಿತು

ಮೈಸೂರು

ಮಾನ್ಯ ಗ್ರಾಹಕರೇ,

ಮಂಡ್ಯ, ಮದ್ದೂರು, ಪಾಂಡವಪುರ ಮತ್ತು ಶ್ರೀರಂಗಪಟ್ಟಣದ ಸುತ್ತಮುತ್ತಲ ಅಕ್ಕಿ ಗಿರಣಿಗಳಲ್ಲಿ ನಾವು ಅಳವಡಿಸಿರುವ ರಾಸ್ಪ್‌ಬೆರಿ ಪೈ ಯಂತ್ರಗಳು, ಅಂದರೆ ಗೇಟಿನಲ್ಲಿ ಲಾರಿ ನೋಂದಣಿ, ವೇಬ್ರಿಡ್ಜ್‌ನಲ್ಲಿ ತೂಕದ ಚೀಟಿ ಹಾಗೂ ಪ್ಯಾಕಿಂಗ್‌ನಲ್ಲಿ ಚೀಲದ ಲೆಕ್ಕ ನೋಡಿಕೊಳ್ಳುತ್ತಿರುವ ಸಣ್ಣ ಪೆಟ್ಟಿಗೆಗಳು, ಇನ್ನು ಮುಂದೆ ಮೆಮೊರಿ ಕಾರ್ಡಿನಿಂದ ಚಾಲೂ ಆಗುವುದಿಲ್ಲ. ತಮ್ಮ ಕಚೇರಿಯಲ್ಲಿ ನಾವು ಇರಿಸಲಿರುವ ಒಂದು ಸರ್ವರ್‌ನಿಂದ, ನೆಟ್‌ವರ್ಕ್ ಕೇಬಲ್ ಮೂಲಕವೇ, ಅವು ಆಪರೇಟಿಂಗ್ ಸಿಸ್ಟಮ್ ಪಡೆದುಕೊಳ್ಳಲಿವೆ.

ಕಾರಣ ತಮಗೆ ಗೊತ್ತಿರುವುದೇ. ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿ ಒಂದು ಅಕ್ಷರ ತಿದ್ದುವುದಕ್ಕೂ ದೊಡ್ಡದೊಂದು ಭಾಗವನ್ನೇ ಅಳಿಸಿ ಮತ್ತೆ ಬರೆಯಬೇಕಾಗಬಹುದು. ಆ ಗಳಿಗೆಯಲ್ಲಿ ಕರೆಂಟ್ ಹೋದರೆ, ಬರೆಯುತ್ತಿದ್ದ ದಾಖಲೆಯಷ್ಟೇ ಅಲ್ಲದೆ ಯಾರೂ ಮುಟ್ಟದ ಹಳೆಯ ಕಡತಗಳೂ ಕೆಡಬಹುದು. ಬೆಳಿಗ್ಗೆ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ವೇಬ್ರಿಡ್ಜ್‌ನ ಪರದೆ ಕಪ್ಪಾಗಿಯೇ ಉಳಿಯುವುದು ಬಹುಮಟ್ಟಿಗೆ ಇದರಿಂದಲೇ. ದುಬಾರಿ ಕಾರ್ಡ್ ಹಾಕಿದರೆ ಈ ತೊಂದರೆ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ.

ಹೊಸ ವ್ಯವಸ್ಥೆಯಲ್ಲಿ ಸ್ವಿಚ್ ಒತ್ತಿದೊಡನೆ ಯಂತ್ರವು ಡಿಎಚ್‌ಸಿಪಿ (ಜಾಲದಲ್ಲಿ ವಿಳಾಸ ಹಂಚುವ ಕ್ರಮ) ಮೂಲಕ ತನ್ನ ಐಪಿ ವಿಳಾಸವನ್ನೂ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಸರ್ವರ್‌ನ ವಿಳಾಸವನ್ನೂ ಕೇಳಿ ಪಡೆಯುತ್ತದೆ, ಟಿಎಫ್‌ಟಿಪಿ (ಕಡತ ಕಳಿಸುವ ಸರಳ ಕ್ರಮ) ಮೂಲಕ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್ ತರಿಸಿಕೊಳ್ಳುತ್ತದೆ, ಆಮೇಲೆ ಸರ್ವರ್‌ನಲ್ಲಿರುವ ಫೈಲ್ ಸಿಸ್ಟಮ್ ಅನ್ನು, ಅಂದರೆ ಕಡತಗಳ ಸಂಗ್ರಹವನ್ನು, ಎನ್‌ಎಫ್‌ಎಸ್ (ದೂರದ ಕಡತಗಳನ್ನು ಜಾಲದ ಮೂಲಕ ಬಳಸುವ ಕ್ರಮ) ಮೂಲಕ ತನ್ನದೇ ಡಿಸ್ಕ್ ಎಂಬಂತೆ ಬಳಸುತ್ತದೆ. ಇದೇನೂ ಪ್ರಯೋಗವಲ್ಲ; ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲೇ ರೂಪಿಸಿತ್ತು, ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳು ಆ ಕಾಲದಿಂದಲೂ ಹೀಗೆ ನಡೆದಿವೆ. ಆ ಫೈಲ್ ಸಿಸ್ಟಮ್ ಅನ್ನು ಓದಲು ಮಾತ್ರ ತೆರೆದಿಟ್ಟು, ತಾತ್ಕಾಲಿಕ ಬರಹವನ್ನೆಲ್ಲ ಕರೆಂಟ್ ಹೋದರೆ ಖಾಲಿಯಾಗುವ, ಯಂತ್ರದ ರ್‍ಯಾಮ್‌ನಲ್ಲಿ ಇಡುತ್ತೇವೆ. ತೂಕದ ದಾಖಲೆಗಳು ನೇರವಾಗಿ ಸರ್ವರ್‌ನ ಡೇಟಾಬೇಸ್‌ಗೆ ಹೋಗುತ್ತವೆ. ಹಾಗಾಗಿ ಪೆಟ್ಟಿಗೆಯ ಕರೆಂಟ್ ಯಾವಾಗ ಹೋದರೂ ಅದರೊಳಗೆ ಕೆಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಸರ್ವರ್ ನಿಂತರೆ ಎಲ್ಲ ಯಂತ್ರಗಳೂ ನಿಲ್ಲುತ್ತವೆ. ಆದ್ದರಿಂದ ಸರ್ವರ್ ಮಾತ್ರವಲ್ಲದೆ ನೆಟ್‌ವರ್ಕ್ ಸ್ವಿಚ್ (ಎಲ್ಲ ಕೇಬಲ್‌ಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆ) ಕೂಡ ಯುಪಿಎಸ್ ಮೇಲೆ ಇರಲೇಬೇಕು; ಸಾಮಾನ್ಯವಾಗಿ ಮರೆತುಹೋಗುವುದು ಈ ಸ್ವಿಚ್. ಸಂಪರ್ಕ ನಡುವೆ ಕಡಿದರೆ ಪರದೆ ಇದ್ದಲ್ಲೇ ಸ್ತಬ್ಧವಾಗುತ್ತದೆ, ಸಂಪರ್ಕ ಮರಳಿದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅಂಥ ಹೊತ್ತಿನಲ್ಲಿ ಗಾಬರಿಯಿಂದ ಕರೆಂಟ್ ತೆಗೆದು ಹಾಕಬಾರದೆಂದು, ಏಕೆಂದರೆ ಅರ್ಧ ತುಂಬಿಸಿದ ಚೀಟಿ ರ್‍ಯಾಮ್‌ನೊಂದಿಗೇ ಹೋಗಿಬಿಡುತ್ತದೆಂದು, ದಯವಿಟ್ಟು ತಮ್ಮ ಸಿಬ್ಬಂದಿಗೆ ತಿಳಿಸಿರಿ.

ಈ ಯಂತ್ರಗಳಿಗಾಗಿಯೇ ಬೇರೆ ನೆಟ್‌ವರ್ಕ್ ಸ್ವಿಚ್ ಕೊಡುತ್ತಿದ್ದೇವೆ. ಅದರಲ್ಲಿ ಖಾಲಿ ಪೋರ್ಟ್ ಕಂಡಿತೆಂದು ಯಾರಾದರೂ ವೈಫೈ ರೂಟರ್ ಸಿಕ್ಕಿಸಿದರೆ, ಆ ರೂಟರ್ ತಾನೂ ಐಪಿ ವಿಳಾಸ ಹಂಚತೊಡಗಿ, ಯಂತ್ರಗಳು ಸರ್ವರ್‌ನ ದಾರಿ ತಪ್ಪಿ ಚಾಲೂ ಆಗದೆ ಹೋಗಬಹುದು. ಸಿಸಿಟಿವಿಯನ್ನೂ ಅದಕ್ಕೆ ಜೋಡಿಸುವುದು ಬೇಡ: ನಾವು ಬಳಸುವ ಕ್ರಮದಲ್ಲಿ ಎನ್‌ಎಫ್‌ಎಸ್ ಸಂಚಾರ ಗೂಢಲಿಪಿಯಲ್ಲಿ ಇರುವುದಿಲ್ಲ, ಐಪಿ ವಿಳಾಸವನ್ನೇ ನಂಬುತ್ತದೆ, ಹಾಗಾಗಿ ಆ ಜಾಲದಲ್ಲಿ ಹೊರಗಿನ ಉಪಕರಣ ಇರಬಾರದು. ಯಂತ್ರಗಳು ವೈಫೈ ಮೂಲಕ ಹೀಗೆ ಚಾಲೂ ಆಗುವುದಿಲ್ಲವಾದ್ದರಿಂದ ಗೇಟಿನವರೆಗೂ ಕೇಬಲ್ ಎಳೆಯಬೇಕಾಗುತ್ತದೆ.

ತಮ್ಮಲ್ಲಿ ಪೈ 3 ಮಾದರಿ ಬಿ ಇದ್ದರೆ, ನೆಟ್‌ವರ್ಕ್ ಬೂಟ್‌ಗಾಗಿ (ಹೀಗೆ ಕೇಬಲ್ ಮೂಲಕ ಚಾಲೂ ಆಗುವುದಕ್ಕಾಗಿ) ಅದರ ಚಿಪ್‌ನಲ್ಲಿ ಒಮ್ಮೆ ಬರೆದರೆ ಅಳಿಸಲಾಗದ ಒಂದು ಗುರುತನ್ನು ಬರೆಯುತ್ತೇವೆ. ಇದರಿಂದ ಹಾನಿಯಿಲ್ಲ, ಕಾರ್ಡ್ ಹಾಕಿದರೆ ಅದು ಮೊದಲಿನಂತೆ ಕಾರ್ಡಿನಿಂದಲೇ ಚಾಲೂ ಆಗುತ್ತದೆ. ಪೈ 4ರಲ್ಲಿ ಈ ಆಯ್ಕೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು. ಸರ್ವರ್ ಕೆಟ್ಟ ದಿನ ವೇಬ್ರಿಡ್ಜ್ ಒಂದನ್ನಾದರೂ ನಡೆಸಲು ಪ್ರತಿ ಗಿರಣಿಗೂ ತುರ್ತು ಕಾರ್ಡ್ ಒಂದನ್ನು ಕೊಡುತ್ತೇವೆ. ಅದು ಕಚೇರಿಯ ಬೀರುವಿನಲ್ಲಿರಲಿ, ಯಂತ್ರದಲ್ಲಿ ಬೇಡ.

ಒಂದೇ ಯಂತ್ರ ಇಟ್ಟುಕೊಂಡಿರುವವರಿಗೆ ಸರ್ವರ್‌ನ ಖರ್ಚು ದಂಡವೆಂಬುದು ನಮ್ಮ ಅಭಿಪ್ರಾಯ. ಅವರಿಗೆ ಈಗಿನ ವ್ಯವಸ್ಥೆಯೇ ಮುಂದುವರಿಯುತ್ತದೆ. ಉಳಿದವರು ಹೊಸ ಭತ್ತದ ಲೋಡುಗಳು ಬರತೊಡಗುವ ಮುನ್ನ, ಗಿರಣಿ ರಜೆಯಿರುವ ಒಂದು ದಿನವನ್ನು ಗೊತ್ತುಪಡಿಸಿ, ಕೇಬಲ್ ಹಾದುಹೋಗಬೇಕಾದ ದಾರಿಯ ಅಂದಾಜು ಉದ್ದದೊಂದಿಗೆ ನಮಗೆ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ತಾಂತ್ರಿಕ ವಿಭಾಗದ ಪರವಾಗಿ