ಬಾಯಿ ಬಿಟ್ಟರೆ ಕೇಳುವವರು ಯಾರು?

ಸಂಪಾದಕರೇ,

ನಮ್ಮ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ವೃದ್ಧರ ಮಾನಸಿಕ ಒತ್ತಡದ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದ ವರದಿ ಓದಿ ತಲೆ ಕೆಟ್ಟಿತು. ಅವರು ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲವಂತೆ, ಅದಕ್ಕೇ ಸಹಾಯ ತಲುಪುತ್ತಿಲ್ಲವಂತೆ, ಅದರಲ್ಲಿ ಒಬ್ಬ ಅಧಿಕಾರಿಯ ಮಾತು ಇದು. ಬಾಯಿ ಬಿಟ್ಟರೆ ಕೇಳಿಸಿಕೊಳ್ಳುವವರು ಯಾರು ಸ್ವಾಮಿ? ನಿನ್ನೆಯಷ್ಟೇ ಕಣ್ಣಾರೆ ನೋಡಿಕೊಂಡು ಬಂದಿದ್ದೇನೆ.

ನಮ್ಮ ಪಕ್ಕದ ಮನೆ ಚೀನೀ ಅಜ್ಜಿಗೆ ತಿಂಗಳುಗಳಿಂದ ನಿದ್ದೆ ಇಲ್ಲ, ಎದೆ ಬಿಗಿ, ಊಟ ಸೇರುತ್ತಿಲ್ಲ. ಮೊಮ್ಮಗ ಕರೆಯುವ ಹಾಗೆ ನಾವೂ ಪೋಪೋ ಅಂತಲೇ ಕರೆಯುವುದು. ಅವರ ಮಗಳದ್ದು ಹೋಟೆಲ್ ಕೆಲಸ, ರಜೆ ಹಾಕಿದರೆ ಅವತ್ತಿನ ಕೂಲಿ ಇಲ್ಲ. ಹಾಗಾಗಿ ನಾನೇ ರಜೆ ಹಾಕಿ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಶಾಲೆ ಇರಲಿಲ್ಲ ಅಂತ ಮೊಮ್ಮಗನೂ ಬಂದ. ಕೊಟ್ಟ ಸಮಯ ಹತ್ತು ಗಂಟೆ, ಕರೆದದ್ದು ಊಟದ ಹೊತ್ತಿಗೆ. ಫೋನಿನಲ್ಲಿ ದುಭಾಷಿ ಸಿಕ್ಕರು, ಅವರಿಗೆ ಬರುವುದು ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್. ಪೋಪೋ ಆಡುವುದು ದಕ್ಷಿಣ ಚೀನಾದ ತೈಶಾನ್ ಕಡೆಯ ಮಾತು, ಅದು ಅದೇ ಪ್ರಾಂತ್ಯದ ಕ್ಯಾಂಟನೀಸ್ ಆಡುವವರಿಗೇ ಸರಿಯಾಗಿ ತಿಳಿಯಲ್ಲ. ಹೇಳಿದರೆ ಕೌಂಟರಿನಾಕೆ ‘ಎಲ್ಲಾ ಚೈನೀಸೇ ಅಲ್ವಾ’ ಅಂದರು. ಸ್ಯಾನ್ ಫ್ರಾನ್ಸಿಸ್ಕೊಗೆ ಮೊದಮೊದಲು ಬಂದ ಚೀನಿಯರಲ್ಲಿ ಜಾಸ್ತಿ ಜನ ಆ ಸೀಮೆಯವರೇ. 150 ವರ್ಷ ಸಾಲಲಿಲ್ಲ ಇವರಿಗೆ ಅದು ತಿಳಿಯಲು.

ಕೊನೆಗೆ ನರ್ಸ್ ಖಿನ್ನತೆ ಇದೆಯೇ ಎಂದು ತಿಳಿಯುವ ಪ್ರಶ್ನೆಪಟ್ಟಿಯನ್ನು ಹುಡುಗನ ಮುಂದೆಯೇ ಇಟ್ಟರು. ಒಂಬತ್ತು ಪ್ರಶ್ನೆ. ಒಂಬತ್ತನೆಯದು, ಸತ್ತರೇ ವಾಸಿ ಅನಿಸುತ್ತದೆಯೇ ಅಂತ. 12 ವರ್ಷದ ಮಗು ತನ್ನ ಅಜ್ಜಿಗೆ ಇದನ್ನು ಕೇಳಬೇಕು! ಅವನು ಹಾಳೆ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಏನೋ ಕೇಳಿದ. ಪೋಪೋ ಇಲ್ಲ ಅಂತ ತಲೆ ಆಡಿಸಿದರು. ನರ್ಸ್ ‘ಒಮ್ಮೆಯೂ ಇಲ್ಲ’ ಅನ್ನುವ ಕಡೆ ಗುರುತು ಹಾಕಿದರು. ಕಾರಿನಲ್ಲಿ ವಿಚಾರಿಸಿದರೆ ಹುಡುಗ ಹೇಳಿದ, ‘ಆಂಟಿ, ನಾನು ಹಸಿವಾಗ್ತಿದೆಯಾ ಅಂತ ಕೇಳಿದೆ.’

ನಿಮ್ಮ ವರದಿಗಳಿಗೆ ಅಂಕಿಅಂಶ ಹೀಗೇ ಹುಟ್ಟುವುದೇನೋ. ತುರ್ತು ಹೊರತು ಮಕ್ಕಳನ್ನು ದುಭಾಷಿ ಮಾಡಬಾರದು ಅಂತ ಒಬಾಮಾ ಕಾಲದ ಆರೋಗ್ಯ ಕಾನೂನಿನ ನಿಯಮವೇ ಇದೆ. ದುಭಾಷಿ ಸಿಗುತ್ತಾರೆ ಅಂತ ಗೋಡೆ ಮೇಲೆ ಹತ್ತಾರು ಭಾಷೆಗಳಲ್ಲಿ ಫಲಕವೂ ಇತ್ತು. ಫಲಕ ಚೆನ್ನಾಗಿದೆ, ಫ್ರೇಮ್ ಹಾಕಿಸಿದ್ದಾರೆ. ಹೊರಗೆ ಬಂದರೆ ಕಾರಿಗೆ ದಂಡದ ಚೀಟಿ. ನನ್ನ ಮಗಳನ್ನು ಡೇಕೇರ್‌ನಿಂದ ತಡವಾಗಿ ಕರೆತಂದದ್ದಕ್ಕೆ ಅಲ್ಲೂ ದಂಡ. ಎದೆ ಬಿಗಿ ಈಗ ನನಗೂ ಶುರುವಾಗಿದೆ.

ಮೊದಲು ಪೋಪೋ ಬಸ್ಸು ಹತ್ತಿ ಚೈನಾಟೌನ್‌ಗೆ ಹೋಗುತ್ತಿದ್ದರು. ಸ್ಟಾಕ್ಟನ್ ಸ್ಟ್ರೀಟ್‌ನಲ್ಲಿ ಸೊಪ್ಪು ಕೊಂಡು, ಪೋರ್ಟ್ಸ್‌ಮತ್ ಸ್ಕ್ವೇರ್ ಪಾರ್ಕಿನಲ್ಲಿ ಇಸ್ಪೀಟು ಆಡುವವರ ಪಕ್ಕ ಕೂತು ಹರಟಿ ಬರುವಾಗ ಮುಖ ಗೆಲುವಾಗಿರುತ್ತಿತ್ತು. 2020-21ರಲ್ಲಿ ಬೀದಿಯಲ್ಲಿ ಏಷ್ಯಾದ ವಯಸ್ಸಾದವರನ್ನು ತಳ್ಳಿ ಹೊಡೆದ ವಿಡಿಯೊಗಳನ್ನು ಚೀನಿಯರ ವಾಟ್ಸಾಪ್‌ನಂಥ ವೀಚಾಟ್‌ನಲ್ಲಿ ನೋಡಿದ ಮೇಲೆ ಅವರ ಮಗಳು ಪೋಪೋ ಒಬ್ಬರನ್ನೇ ಬಿಡುವುದಿಲ್ಲ. ನಮ್ಮತ್ತೆ ದಾವಣಗೆರೆಯಿಂದ ಬಂದಿದ್ದಾಗ ಇಬ್ಬರೂ ಹಿತ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂರುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಆಗ ಪೋಪೋ ಚೆನ್ನಾಗಿ ಉಣ್ಣುತ್ತಿದ್ದರು.

ಇನ್ನು ಸರ್ಕಾರದವರ ವಿಷಯ ಕೇಳಲೇಬೇಡಿ. 1882ರಲ್ಲಿ ಚೀನೀ ಕೂಲಿಗಳು ಬರಲೇಬಾರದು ಅಂತ ಕಾನೂನು ಮಾಡಿ 1943ರವರೆಗೆ ಇಟ್ಟುಕೊಂಡವರು. 1977ರಲ್ಲಿ ಇದೇ ಊರಿನ ಅಗ್ಗದ ಬಾಡಿಗೆಯ ಇಂಟರ್‌ನ್ಯಾಷನಲ್ ಹೋಟೆಲ್‌ನಲ್ಲಿದ್ದ ಬಡ ಫಿಲಿಪಿನೊ, ಚೀನೀ ಮುದುಕರನ್ನು ಸರಿರಾತ್ರಿ ಪೊಲೀಸರನ್ನು ಬಿಟ್ಟು ಹೊರಹಾಕಿದವರು. 1996ರಲ್ಲಿ ಪೌರತ್ವ ಇಲ್ಲದ ವೃದ್ಧರ ಸಹಾಯಧನಕ್ಕೆ ಕತ್ತರಿ. ಚೈನಾಟೌನ್‌ನ ಒಂಟಿ ಕೋಣೆಯ ಬಾಡಿಗೆ ಮನೆಗಳವರು ಈಗಲೂ ಅಡುಗೆಮನೆ, ಬಚ್ಚಲಿಗೆ ಸರದಿ ಕಾಯಬೇಕು. ನಮ್ಮ ಬೀದಿಯ ದೀಪ ಕೆಟ್ಟು ಯಾವ ಕಾಲವಾಯಿತೋ, ಫೋನ್ ಮಾಡಿದರೆ ದೂರಿನ ನಂಬರ್ ಮಾತ್ರ ಕೊಡುತ್ತಾರೆ.

ಎಲ್ಲಾ ಕ್ಲಿನಿಕ್‌ಗಳಲ್ಲೂ ತೈಶಾನ್ ಮಾತು ಬಲ್ಲವರನ್ನು ಇಡಿ, ಇಲ್ಲವೇ ಆ ಪ್ರಶ್ನೆಪಟ್ಟಿಯನ್ನೇ ಎತ್ತಿಡಿ. ಬೀದಿ ದೀಪವನ್ನೂ ಹಾಕಿಸಿ. ಅವರೇ ಬಾಯಿ ಬಿಡಲ್ಲ ಅಂದ ಅಧಿಕಾರಿ ತಮ್ಮ ತಾಯಿಗೆ ಇಂಥ ಪ್ರಶ್ನೆಯನ್ನು ತಮ್ಮ ಮಗನ ಬಾಯಲ್ಲಿ ಕೇಳಿಸಿ ನೋಡಲಿ. ನಾಚಿಕೆ ಅನ್ನುವುದು ಸ್ವಲ್ಪವಾದರೂ ಬೇಡವೇ? ಆ ಪಾರ್ಕಿಂಗ್ ದಂಡವನ್ನಂತೂ ನಾನು ಕಟ್ಟುವುದಿಲ್ಲ.

ಸನ್‌ಸೆಟ್ ಬಡಾವಣೆಯ ಓದುಗರೊಬ್ಬರು